ಹಳೆಯ ಜಾಹೀರಾತಿನ ಕಳೆ, ಎರಡು ಸಾವಿರ ರೂಪಾಯಿಯೊಳಗೆ

ಟ್ಯಾಬ್ಲೆಟ್‌ನಲ್ಲಿ ಚಿತ್ರ ಬರೆಯುವವರಿಗಾಗಿ ಮಾರಾಟಕ್ಕಿರುವ ‘ಹಳೆಯ ಕಾಲದ’ ಬ್ರಷ್ ಸೆಟ್‌ಗಳಿಗೆ, ಅಂದರೆ ಪರದೆಯ ಮೇಲೆ ಕುಂಚದ ಹಾಗೆ ಗೆರೆ, ಚುಕ್ಕಿ, ಕಲೆ ಮೂಡಿಸುವ ಡಿಜಿಟಲ್ ಉಪಕರಣಗಳ ಕಟ್ಟಿಗೆ, ಈಗ ಲೆಕ್ಕವೇ ಇಲ್ಲ. ನಾನು ಕೊಂಡದ್ದು ವಿದೇಶದ ಒಂದು ಪುಟ್ಟ ಕಂಪನಿಯದು. ಬೆಲೆ ನಮ್ಮ ದುಡ್ಡಿನಲ್ಲಿ ಎರಡು ಸಾವಿರದೊಳಗೆ. ಹೆಸರು ಹೇಳಿ ಒಬ್ಬರನ್ನೇ ಕಟಕಟೆಗೆ ನಿಲ್ಲಿಸುವುದು ಬೇಡ. ಪೊಟ್ಟಣ, ಲೇಬಲ್, ಅಂಗಡಿಯ ಬೋರ್ಡು ಎಂದು ಚಿತ್ರ ಬರೆದು ಹೊಟ್ಟೆ ಹೊರೆಯುವವಳು ನಾನು. ಚಿಕ್ಕಮಗಳೂರಿನ ಕಾಫಿಪುಡಿ ವ್ಯಾಪಾರಿಯೊಬ್ಬರು ಪೊಟ್ಟಣದ ಕೆಲಸ ಕೊಟ್ಟಿದ್ದರು. ಅಪ್ಪನ ಕಾಲದ ಜಾಹೀರಾತಿನ ಹಾಗೆ ಕಾಣಬೇಕು ಎಂಬುದು ಅವರ ಒಂದೇ ಬೇಡಿಕೆ. ಸೆಟ್ಟನ್ನು ಉಜ್ಜಿ ನೋಡಲು ಅದಕ್ಕಿಂತ ಒಳ್ಳೆಯ ಸಂದರ್ಭ ಎಲ್ಲಿ ಸಿಗಬೇಕು?

ಒಣ ಕುಂಚದ ಗೆರೆಗಳಿವೆ, ಮುದ್ರಣದಲ್ಲಿ ಬಣ್ಣದ ಛಾಯೆ ತೋರಿಸುವ ಹಾಫ್‌ಟೋನ್ ಚುಕ್ಕಿಗಳಿವೆ, ಹಳದಿಗಟ್ಟಿದ ಕಾಗದ, ಮಡಿಕೆಯ ಗುರುತು, ಇಲಿ ಕಡಿದಂಥ ಅಂಚು, ಲೋಟ ಇಟ್ಟು ಎತ್ತಿದ ಉಂಗುರದ ಕಲೆ, ಎಲ್ಲವೂ ಇವೆ. ಒಣ ಕುಂಚ ಬಹಳ ಚೆನ್ನಾಗಿದೆ. ಪೆನ್ನನ್ನು ಓರೆ ಮಾಡಿದರೆ ಬಣ್ಣ ಹರಿದು ಕಾಗದದ ತರಿ ಕಾಣಿಸುತ್ತದೆ. ವೇಗ ಹೆಚ್ಚಿಸಿದರೆ ಗೆರೆ ನಡುವೆ ಒಡೆಯುತ್ತದೆ. ಇದೊಂದಕ್ಕೇ ಅರ್ಧ ದುಡ್ಡು ಸಂದಿತು.

ಆದರೆ ‘ಬಣ್ಣ ಸರಿಸು’ ಎಂಬ ಗುಂಡಿಯನ್ನು ಒತ್ತಿದಾಗ ನಗು ಬಂತು. ಒತ್ತಿದೊಡನೆ ಕೆಂಪು ಒಂದು ಕಡೆಗೆ, ನೀಲಿ ಇನ್ನೊಂದು ಕಡೆಗೆ ಜಾರಿ, ಹಳೆಯ ಬೆಂಕಿಪೆಟ್ಟಿಗೆಯ ಲೇಬಲ್ಲಿನ ಹಾಗೆ ಆಗುತ್ತದೆಯಂತೆ. ಮುದ್ರಣಾಲಯದಲ್ಲಿ ಇದಕ್ಕೆ ‘ರಿಜಿಸ್ಟರ್ ತಪ್ಪಿದೆ’ ಎನ್ನುತ್ತಾರೆ, ಹಾಗೆ ತಪ್ಪಿದರೆ ಬೈಗುಳ ತಿನ್ನುತ್ತಾರೆ. ತಪ್ಪುವುದು ಗೊತ್ತಿದ್ದ ಚಿತ್ರಕಾರರು ಮೊದಲೇ ಉಪಾಯ ಮಾಡುತ್ತಿದ್ದರು: ಬಣ್ಣದ ಅಂಚಿನ ಮೇಲೆ ದಪ್ಪನೆಯ ಕಪ್ಪು ಗೆರೆ ಎಳೆದರೆ, ಒಳಗಿನ ಬಣ್ಣ ಕೂದಲೆಳೆಯಷ್ಟು ಸರಿದರೂ ಗೆರೆಯ ಅಡಿಯಲ್ಲಿ ಅಡಗಿಕೊಳ್ಳುತ್ತದೆ. ಆ ಲೇಬಲ್ಲುಗಳ ಹುಲಿ, ಆನೆಗಳಿಗೆ ಅಷ್ಟು ಗಟ್ಟಿ ಗೆರೆ ಇರುವುದರಲ್ಲಿ ಈ ಜಾಣ್ಮೆಯ ಪಾಲು ದೊಡ್ಡದು. ಗುಂಡಿ ತಪ್ಪನ್ನು ಕೊಡುತ್ತದೆ, ತಪ್ಪನ್ನು ಮುಚ್ಚಿದ ಜಾಣ್ಮೆಯನ್ನು ಕೊಡುವುದಿಲ್ಲ.

ಹಾಫ್‌ಟೋನ್ ಚುಕ್ಕಿಗಳದ್ದು ಇನ್ನೂ ದೊಡ್ಡ ದೂರು. ನಾಲ್ಕು ಬಣ್ಣದ ಮುದ್ರಣದಲ್ಲಿ ಒಂದೊಂದು ಶಾಯಿಯ ಚುಕ್ಕಿಸಾಲಿಗೂ ಬೇರೆ ಕೋನ. ಸಾಮಾನ್ಯವಾಗಿ ಕಪ್ಪಿಗೆ 45 ಡಿಗ್ರಿ, ಮೆಜೆಂಟಾ ಎಂಬ ನೇರಳೆಗೆಂಪಿಗೆ 75, ಸಯಾನ್ ಎಂಬ ಹಸಿರುನೀಲಿಗೆ 15, ಹಳದಿಗೆ 0 ಅಥವಾ 90. ಕೋನಗಳು ಹೀಗೆ ದೂರ ದೂರ ಇದ್ದರೇನೇ ಸಾಲುಗಳು ಒಂದಕ್ಕೊಂದು ತೊಡರಿ ಕಣ್ಣು ಕುಕ್ಕುವ ಅಲೆಗಳು ಏಳುವುದಿಲ್ಲ. ಈ ಸೆಟ್‌ನಲ್ಲಿ ಎಲ್ಲ ಬಣ್ಣಕ್ಕೂ 45 ಡಿಗ್ರಿಯೇ. ಹಳೆಯ ಪತ್ರಿಕೆಯೊಂದರ ಮೇಲೆ ಭೂತಗನ್ನಡಿ ಹಿಡಿದು ನೋಡಿದ ಯಾರೂ ಇದನ್ನು ಹೀಗೆ ಮಾಡುತ್ತಿರಲಿಲ್ಲ.

ಹಾಗಿದ್ದರೆ ದುಡ್ಡು ದಂಡವೇ? ಅಲ್ಲ. ಮೂಲೆಯಲ್ಲಿ, ಪರದೆಯ ಮೇಲೆ ಯಾವ ಮೆರುಗೂ ಇಲ್ಲದ ಒಂದು ಕಡತವಿದೆ: ಎರಡು ಶಾಯಿಯ ನಮೂನೆ. ಎರಡೇ ಪದರ, ಪದರಕ್ಕೊಂದೇ ಬಣ್ಣ. ಒಂದರ ಮೇಲೊಂದು ಬಿದ್ದಲ್ಲಿ ತಾನಾಗಿ ಮೂರನೆಯದು ಹುಟ್ಟುತ್ತದೆ. ಮೂರನೆಯ ಪದರ ಸೇರಿಸಲು ಬಿಡುವುದಿಲ್ಲ. ಮೊದಲಿಗೆ ಸಿಟ್ಟು ಬರುತ್ತದೆ, ಆಮೇಲೆ ತಲೆ ಓಡತೊಡಗುತ್ತದೆ.

ಅಮೆರಿಕದ ‘ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್’ ಪತ್ರಿಕೆಯ ಮುಖಪುಟಗಳು 1926ರಲ್ಲಿ ಪೂರ್ಣ ಬಣ್ಣಕ್ಕೆ ತಿರುಗುವ ಮುನ್ನ ಹೆಚ್ಚಾಗಿ ಕಪ್ಪು, ಕೆಂಪು ಎರಡರಲ್ಲೇ ಬರುತ್ತಿದ್ದವು. ಚಿತ್ರಕಾರ ಜೆ.ಸಿ. ಲೈಯೆಂಡೆಕರ್ ಆ ಪತ್ರಿಕೆಗೆ ಮುನ್ನೂರಕ್ಕೂ ಹೆಚ್ಚು ಮುಖಪುಟ ಬರೆದವನು. ಆ್ಯರೋ ಎಂಬ ಅಂಗಿ ಕಾಲರಿನ ಜಾಹೀರಾತಿನ ಸುಂದರಾಂಗನನ್ನು ಸೃಷ್ಟಿಸಿದವನೂ ಅವನೇ. ಇದ್ದ ಒಂದೇ ಕೆಂಪನ್ನು ಎಲ್ಲಿ ಖರ್ಚು ಮಾಡಬೇಕು ಎಂಬ ಲೆಕ್ಕಾಚಾರ ಆ ಕಾಲದ ಒಳ್ಳೆಯ ಮುಖಪುಟಗಳಲ್ಲಿ ಎದ್ದು ಕಾಣುತ್ತದೆ. ಸೆಟ್‌ನಲ್ಲಿ ಅವನ ಓರೆ ಗೆರೆಗಳನ್ನು ಹೋಲುವ ಬ್ರಷ್ ಕೂಡ ಇದೆ. ಎಳೆದರೆ ಹೊಳೆಯುವ ಬಟ್ಟೆಯ ಮಡಿಕೆ ಒಂದೇಟಿಗೆ ತಯಾರು. ಅವನಾದರೋ ಮಾಡೆಲ್‌ಗಳನ್ನು ಕೂರಿಸಿಕೊಂಡು ಕೈ, ಮುಖ, ತೋಳಿನ ಮಡಿಕೆಗಳನ್ನು ಬಿಡಿಬಿಡಿಯಾಗಿ ಅಭ್ಯಾಸ ಮಾಡಿ, ಅವುಗಳ ಮೇಲೆ ಚೌಕುಳಿ ಎಳೆದು ದೊಡ್ಡ ಕ್ಯಾನ್ವಾಸಿಗೆ ಇಳಿಸುತ್ತಿದ್ದ. ಒಂದೇಟಿನ ಹಾಗೆ ಕಾಣುವ ಗೆರೆಯ ಹಿಂದೆ ಅಷ್ಟೆಲ್ಲ ಇತ್ತು. ಈ ಬ್ರಷ್ಷನ್ನು ಎರಡನೆಯ ದಿನವೇ ಅಳಿಸಿ ಹಾಕಿದೆ.

ಕಾಫಿ ಪೊಟ್ಟಣಕ್ಕೆ ನಾನು ಆರಿಸಿದ್ದು ಹಸಿರು ಮತ್ತು ಕೆಂಪು. ಎಲೆಗೆ ಹಸಿರು, ಹಣ್ಣಿಗೆ ಕೆಂಪು. ಎರಡೂ ಒಂದರ ಮೇಲೊಂದು ಬಿದ್ದರೆ ಹುರಿದ ಬೀಜದ ಕಂದು. ತೋಟದಿಂದ ಲೋಟದವರೆಗಿನ ಕಥೆಯನ್ನು ಶಾಯಿಯೇ ಹೇಳಿಬಿಟ್ಟಿತು. ಇಂಥ ಪೊಟ್ಟಣ ಹಿಂದೆ ಇತ್ತೋ ಇಲ್ಲವೋ, ನಾನು ಯಾವುದನ್ನೂ ಎದುರಿಗಿಟ್ಟುಕೊಂಡು ನಕಲು ಮಾಡಲಿಲ್ಲ. ಮುದ್ರಣದ ಖರ್ಚೂ ಇಳಿಯಿತು, ವ್ಯಾಪಾರಿಗೆ ಖುಷಿ.

ನಕಲು ಮಾಡದೆ ಕಲಿಯುವ ವಿಷಯದಲ್ಲಿ ನಮ್ಮವರೇ ಆದ ಚಿತ್ರಕಾರ ಎಸ್.ಎಂ. ಪಂಡಿತ್ ಒಳ್ಳೆಯ ಮೇಷ್ಟ್ರು. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ, ಮುಂಬೈಯಲ್ಲಿ ಸಿನಿಮಾ ಪೋಸ್ಟರುಗಳಿಗೂ ಕ್ಯಾಲೆಂಡರುಗಳಿಗೂ ಹೆಸರಾದವರು. ಹಾಲಿವುಡ್ ಪ್ರಚಾರಚಿತ್ರಗಳ ಬೆಳಕನ್ನೂ ಬೆಡಗನ್ನೂ ಅರಗಿಸಿಕೊಂಡು ಪುರಾಣದ ನಾಯಕ ನಾಯಕಿಯರ ಮೈಗೆ ಹೊದಿಸಿದರು. ಮನೆಮನೆಯ ಗೋಡೆಯಲ್ಲಿ ನೇತಾಡಿದ ಆ ಚಿತ್ರಗಳನ್ನು ಯಾರೂ ಹಾಲಿವುಡ್ಡಿನ ನಕಲು ಎನ್ನಲಿಲ್ಲ.

ಸೆಟ್ಟಿನ ಜೊತೆಗೆ ಬರುವ ಅಕ್ಷರಗಳೆಲ್ಲ ಇಂಗ್ಲಿಷಿನವು. ಕನ್ನಡ ಕೈಯಲ್ಲೇ ಬರೆಯಬೇಕು. ಸಿದ್ಧ ನೆರಳಿನ ಪರಿಣಾಮ ಬಲಕ್ಕೆ, ಕೆಳಕ್ಕೆ ಬೀಳುತ್ತದೆ. ‘ಚಿಕ್ಕಮಗಳೂರು’ ಬರೆದು ಹಾಕಿದರೆ ನೆರಳು ನೇರವಾಗಿ ಕಕಾರದ ಒತ್ತಿನ ಮೇಲೆ ಕೂತು ಅದನ್ನು ನುಂಗಿತು. ನೆರಳನ್ನು ಎಡಕ್ಕೆ ತಿರುಗಿಸಿ, ಒತ್ತಕ್ಷರವನ್ನು ತುಸು ದಪ್ಪ ಮಾಡಿ ಕೆಳಗಿಳಿಸಿದ ಮೇಲೆ ಓದಲು ಬಂತು.

ವ್ಯಾಪಾರಿಗೆ ಎರಡು ಮಾದರಿ ಒಯ್ದಿದ್ದೆ: ಹಳದಿ ಕಾಗದ, ಮಡಿಕೆ, ಕಲೆಗಳೆಲ್ಲ ಇರುವುದು ಒಂದು, ಎರಡು ಶಾಯಿಯ ಶುಭ್ರವಾದದ್ದು ಇನ್ನೊಂದು. ಮೊದಲನೆಯದನ್ನು ಅವರು ಕೈಗೂ ತೆಗೆದುಕೊಳ್ಳಲಿಲ್ಲ. ‘ಪುಡಿಗೆ ಮುಗ್ಗಲು ಹಿಡಿದಿದೆ ಎಂದುಕೊಳ್ಳುತ್ತಾರಮ್ಮಾ’ ಎಂದರು. ಅಪ್ಪನ ಅಂಗಡಿಯಲ್ಲಿ ಪೊಟ್ಟಣ ಹೊಸದಾಗಿಯೇ ಇರುತ್ತಿತ್ತಲ್ಲ!

ಐದಕ್ಕೆ ಮೂರು ನಕ್ಷತ್ರ. ಒಣ ಕುಂಚಕ್ಕೂ ಎರಡು ಶಾಯಿಯ ಕಡತಕ್ಕೂ ಕೊಳ್ಳಬಹುದು, ರಿಯಾಯಿತಿಯ ದಿನ ಕಾದರೆ ಇನ್ನೂ ಒಳ್ಳೆಯದು. ಚಿತ್ರ ಕಲಿಯಲು ಶುರು ಮಾಡಿದವರು ‘ಹಳೆಯದಾಗಿಸು’ ಎಂಬ ಪದರವನ್ನು ಮುಚ್ಚಿಟ್ಟು ಕೆಲಸ ಮಾಡಿ ನೋಡಲಿ. ಅದಿಲ್ಲದೆ ಚಿತ್ರ ನಿಲ್ಲದಿದ್ದರೆ ಅದಿದ್ದೂ ನಿಲ್ಲುವುದಿಲ್ಲ. ಮುಂದಿನ ಆವೃತ್ತಿಯಲ್ಲಿ ಚುಕ್ಕಿಗಳ ಕೋನ ಸರಿಪಡಿಸಿದರೆ ಅರ್ಧ ನಕ್ಷತ್ರ ಹೆಚ್ಚಿಗೆ ಕೊಡುತ್ತೇನೆ. ಲೋಟದ ಕಲೆಯನ್ನು ತೆಗೆದರೆ ಇನ್ನರ್ಧ.