ವಾಗ್ದಂಡನೆಯ ಪ್ರಶ್ನೆಗೆ ಮೂರೇ ಗುಂಡಿಗಳು: ಅಭ್ಯರ್ಥಿ ಹೋಲಿಕೆಯ ಜಾಲತಾಣವೊಂದರ ವಿಮರ್ಶೆ

ಅಮೆರಿಕದ ಮಧ್ಯಾವಧಿ ಚುನಾವಣೆಯಲ್ಲಿ ಯಾರಿಗೆ ಮತ ಹಾಕಬೇಕೆಂದು ತೀರ್ಮಾನಿಸಲು ಸಹಾಯ ಮಾಡುತ್ತೇವೆ ಎನ್ನುವ ಜಾಲತಾಣಗಳಲ್ಲಿ ಒಂದನ್ನು ಎರಡು ವಾರಗಳ ಕಾಲ ಬಳಸಿ ನೋಡಿದೆ. ನಾವು ಕೆಲವು ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ, ನಮ್ಮ ಕ್ಷೇತ್ರದ ಪ್ರತಿ ಅಭ್ಯರ್ಥಿಯೊಂದಿಗೆ ನಮ್ಮ ನಿಲುವು ಶೇಕಡಾ ಎಷ್ಟು ಹೊಂದುತ್ತದೆ ಎಂಬುದನ್ನು ಅದು ಲೆಕ್ಕ ಹಾಕಿ ತೋರಿಸುತ್ತದೆ. ಸೇವೆ ಉಚಿತ, ಇಮೇಲ್ ವಿಳಾಸ ಕೊಡದಿದ್ದರೂ ಫಲಿತಾಂಶ ಸಿಗುತ್ತದೆ. ತೆರಿಗೆ, ಆರೋಗ್ಯ ವಿಮೆ, ವಲಸೆ ಮುಂತಾದ ವಿಷಯಗಳ ಪ್ರಶ್ನೆಗಳು ಚೆನ್ನಾಗಿಯೇ ಇವೆ. ಆದರೆ ನಾನು ಅಲ್ಲಿಗೆ ಹೋದದ್ದು ಅಧ್ಯಕ್ಷರ ವಾಗ್ದಂಡನೆಯ (ಇಂಪೀಚ್‌ಮೆಂಟ್) ವಿಷಯದಲ್ಲಿ ಅಭ್ಯರ್ಥಿಗಳ ನಿಲುವನ್ನು ಅಳೆಯಲೆಂದು, ಮತ್ತು ಜಾಲತಾಣ ಎಡವುವುದೂ ಅಲ್ಲಿಯೇ.

ಪ್ರಶ್ನೆ ಇಷ್ಟೇ: ‘ಅಧ್ಯಕ್ಷರ ವಾಗ್ದಂಡನೆಯನ್ನು ನೀವು ಬೆಂಬಲಿಸುತ್ತೀರಾ?’ ಉತ್ತರಕ್ಕೆ ‘ಹೌದು’, ‘ಇಲ್ಲ’, ‘ಅಭಿಪ್ರಾಯವಿಲ್ಲ’ ಎಂಬ ಮೂರು ಗುಂಡಿಗಳು. ಇದೇ ಪ್ರಶ್ನೆಯನ್ನು ಜನಪ್ರತಿನಿಧಿ ಸಭೆಯ ಅಭ್ಯರ್ಥಿಗಳಿಗೂ ಸೆನೆಟ್ ಅಭ್ಯರ್ಥಿಗಳಿಗೂ ಕೇಳಲಾಗಿದೆ. ಅಧ್ಯಕ್ಷರ ವಾಗ್ದಂಡನೆಯಲ್ಲಿ ಯಾವ ಪಾತ್ರವೂ ಇಲ್ಲದ ರಾಜ್ಯ ಶಾಸನಸಭೆಯ ಅಭ್ಯರ್ಥಿಗಳನ್ನೂ ಬಿಟ್ಟಿಲ್ಲ. ಸಂವಿಧಾನದ ಪ್ರಕಾರ ಆರೋಪ ಹೊರಿಸುವ ಅಧಿಕಾರ ಜನಪ್ರತಿನಿಧಿ ಸಭೆಗೆ ಮಾತ್ರ, ವಿಚಾರಣೆ ನಡೆಸುವ ಅಧಿಕಾರ ಸೆನೆಟ್‌ಗೆ ಮಾತ್ರ. ಮೊದಲನೆಯದಕ್ಕೆ ಸರಳ ಬಹುಮತ ಸಾಕು. ಎರಡನೆಯದರಲ್ಲಿ ದೋಷಿ ಎಂದು ತೀರ್ಮಾನಿಸಲು ಹಾಜರಿರುವವರಲ್ಲಿ ಮೂರನೇ ಎರಡರಷ್ಟು ಮಂದಿ ಒಪ್ಪಬೇಕು. 1868ರಲ್ಲಿ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ 35–19ರ ಮತದಲ್ಲಿ, ಒಂದೇ ಒಂದು ಮತದ ಕೊರತೆಯಿಂದ, ಪಾರಾದದ್ದು ಈ ನಿಯಮದಿಂದಾಗಿಯೇ. (ನಮ್ಮ ‘ವಾಗ್ದಂಡನೆ’ ಎಂಬ ಪದವೂ ಗೊಂದಲಕ್ಕೆ ತನ್ನ ಪಾಲು ಸೇರಿಸುತ್ತದೆ. ಅದರಲ್ಲಿ ‘ದಂಡನೆ’ ಇದೆ, ಆದರೆ ಜನಪ್ರತಿನಿಧಿ ಸಭೆ ಮಾಡುವುದು ದೋಷಾರೋಪ ಮಾತ್ರ. ಈವರೆಗೆ ಯಾವ ಅಧ್ಯಕ್ಷರನ್ನೂ ಸೆನೆಟ್ ದೋಷಿಯೆಂದು ತೀರ್ಮಾನಿಸಿ ಪದಚ್ಯುತಗೊಳಿಸಿಲ್ಲ.)

ಈ ವ್ಯತ್ಯಾಸ ಕೇವಲ ತಾಂತ್ರಿಕವಾದುದಲ್ಲ. ಜನಪ್ರತಿನಿಧಿ ಸಭೆಯ ಅಭ್ಯರ್ಥಿ ಹೌದು ಎಂದರೆ, ಈಗ ಕಣ್ಣಮುಂದಿರುವ ಪುರಾವೆ ಆರೋಪ ಹೊರಿಸಲು ಸಾಕೆಂದು ಹೇಳಿದಂತಾಗುತ್ತದೆ. ಅದು ಚರ್ಚೆಗೆ ಯೋಗ್ಯವಾದ ನಿಲುವು. ಸೆನೆಟರ್‌ಗಳಾದರೋ ವಿಚಾರಣೆಗೆ ಮುನ್ನ, ನಿಷ್ಪಕ್ಷಪಾತವಾಗಿ ನ್ಯಾಯ ಒದಗಿಸುತ್ತೇವೆಂದು ಪ್ರತ್ಯೇಕ ಪ್ರಮಾಣ ಸ್ವೀಕರಿಸುತ್ತಾರೆ. ಹಾಗಿರುವಾಗ ಸೆನೆಟ್ ಅಭ್ಯರ್ಥಿಯೊಬ್ಬರು ಪ್ರಚಾರ ಸಭೆಯಲ್ಲೇ ತೀರ್ಪು ಘೋಷಿಸಿದರೆ, ಅದು ಯಾರ ಪರವಾಗಿದ್ದರೂ, ನನಗೆ ಅದು ಅರ್ಹತೆಯ ಲಕ್ಷಣವಾಗಿ ಕಾಣುವುದಿಲ್ಲ. ‘ಪುರಾವೆ ಕೇಳುವ ಮೊದಲು ಹೇಳಲಾರೆ’ ಎಂದು ನಮ್ಮ ರಾಜ್ಯದ ಅಭ್ಯರ್ಥಿಯೊಬ್ಬರು ಬರೆದಿದ್ದರು. ಜಾಲತಾಣ ಆ ಉತ್ತರವನ್ನು ‘ಅಭಿಪ್ರಾಯವಿಲ್ಲ’ ಎಂಬ ಗುಂಡಿಗೆ ಸೇರಿಸಿ ಸೊನ್ನೆ ಅಂಕ ಕೊಟ್ಟಿತ್ತು, ಮತ್ತು ಅದರಿಂದಾಗಿ ನನ್ನ ಪಟ್ಟಿಯಲ್ಲಿ ಅವರು ಕೊನೆಯ ಸ್ಥಾನಕ್ಕೆ ಇಳಿದಿದ್ದರು.

ಹಾಲಿ ಸದಸ್ಯರ ಮತದಾನದ ದಾಖಲೆಯನ್ನು ಹಸಿರು, ಕೆಂಪು ಬಣ್ಣಗಳಲ್ಲಿ ತೋರಿಸುವ ಪುಟ ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. 2017ರ ಡಿಸೆಂಬರ್‌ನಲ್ಲಿ ಟ್ರಂಪ್ ವಿರುದ್ಧ ಡೆಮಾಕ್ರಟಿಕ್ ಪ್ರತಿನಿಧಿ ಆಲ್ ಗ್ರೀನ್ ಮಂಡಿಸಿದ ವಾಗ್ದಂಡನೆಯ ನಿರ್ಣಯವನ್ನು 364–58 ಮತಗಳಿಂದ ಬದಿಗಿಡಲಾಯಿತು. 2019ರ ಜುಲೈನಲ್ಲಿ ಅವರು ಮತ್ತೆ ಮಂಡಿಸಿದಾಗಲೂ 332–95ರಿಂದ ಹಾಗೆಯೇ ಆಯಿತು. ಬದಿಗಿಡಲು ಮತ ಹಾಕಿದ ಡೆಮಾಕ್ರಟಿಕ್ ಸದಸ್ಯರಲ್ಲಿ ಬಹಳಷ್ಟು ಮಂದಿ ಅದೇ ವರ್ಷದ ಡಿಸೆಂಬರ್‌ನಲ್ಲಿ ಟ್ರಂಪ್ ಅವರ ವಾಗ್ದಂಡನೆಯ ಪರವಾಗಿದ್ದರು. ‘ಈಗಲ್ಲ’, ‘ಈ ಕಾರಣಕ್ಕಲ್ಲ’ ಎಂಬ ಮತವನ್ನು ‘ಎಂದಿಗೂ ಇಲ್ಲ’ ಎಂಬಂತೆ ಕೆಂಪಿನಲ್ಲಿ ತೋರಿಸುವುದು ಸರಿಯಲ್ಲ. ಇದರ ಇನ್ನೊಂದು ಮುಖವೆಂದರೆ 2023ರ ಡಿಸೆಂಬರ್‌ನಲ್ಲಿ ಬೈಡನ್ ಕುರಿತ ತನಿಖೆಗೆ 221–212ರಿಂದ ಸಿಕ್ಕ ಅನುಮೋದನೆ. ಅದು ತನಿಖೆಗೆ ಕೊಟ್ಟ ಒಪ್ಪಿಗೆ, ಆರೋಪಪಟ್ಟಿಯ ಮೇಲಿನ ಮತವಲ್ಲ. ಆದರೂ ಜಾಲತಾಣ ಅದನ್ನು ವಾಗ್ದಂಡನೆಗೆ ನೀಡಿದ ಬೆಂಬಲವೆಂದೇ ಹಸಿರಿನಲ್ಲಿ ಬಳಿದಿದೆ. 2021ರ ಫೆಬ್ರವರಿಯಲ್ಲಿ, ಟ್ರಂಪ್ ಅವರ ಎರಡನೇ ವಿಚಾರಣೆಯಲ್ಲಿ, ಸೆನೆಟ್‌ನ ಆಗಿನ ರಿಪಬ್ಲಿಕನ್ ನಾಯಕ ಮಿಚ್ ಮೆಕಾನೆಲ್ ಅವರ ‘ದೋಷಿಯಲ್ಲ’ ಎಂಬ ಮತದ ಹಿಂದಿದ್ದದ್ದು, ಅಧಿಕಾರದಿಂದ ಇಳಿದವರನ್ನು ವಿಚಾರಿಸುವ ಅಧಿಕಾರ ಸೆನೆಟ್‌ಗೆ ಇಲ್ಲವೆಂಬ ವಾದ. ಜನವರಿ 6ರಂದು ಸಂಸತ್ ಭವನದ ಮೇಲೆ ನಡೆದ ದಾಳಿಗೆ ಟ್ರಂಪ್ ಅವರೇ ಹೊಣೆಯೆಂದು ಅವರು ಅದೇ ದಿನ ಸೆನೆಟ್‌ನಲ್ಲಿ ಹೇಳಿದ್ದರು. ಕೆಂಪು ಚೌಕದಲ್ಲಿ ಇದಕ್ಕೆ ಜಾಗವಿಲ್ಲ.

ಹಿನ್ನೆಲೆಯ ಟಿಪ್ಪಣಿಯಲ್ಲೂ ಒಂದು ತಪ್ಪಿದೆ: ವಾಗ್ದಂಡನೆಗೆ ಒಳಗಾದ ಅಧ್ಯಕ್ಷರ ಸಾಲಿನಲ್ಲಿ ನಿಕ್ಸನ್ ಹೆಸರಿದೆ. ಜನಪ್ರತಿನಿಧಿ ಸಭೆಯ ನ್ಯಾಯಾಂಗ ಸಮಿತಿ ಮೂರು ಆರೋಪಗಳನ್ನು ಒಪ್ಪಿದ್ದು ನಿಜ, ಆದರೆ ಇಡೀ ಸಭೆ ಮತ ಹಾಕುವ ಮೊದಲೇ, 1974ರ ಆಗಸ್ಟ್ 9ರಂದು, ಅವರು ಅಧಿಕಾರ ತ್ಯಜಿಸಿದ್ದರು.

ಇಷ್ಟೆಲ್ಲ ದೂರಿದ ಮೇಲೂ ನಾನು ಆ ಜಾಲತಾಣವನ್ನು ಬಿಡದಿರಲು ಕಾರಣ, ಎರಡು ಪುಟಗಳಷ್ಟು ಒಳಗೆ ಅಡಗಿರುವ ಒಂದು ಸೌಲಭ್ಯ. ಒಂದಕ್ಕಿಂತ ಹೆಚ್ಚು ವಾಗ್ದಂಡನೆಗಳ ಕಾಲದಲ್ಲಿ ಸದಸ್ಯರಾಗಿದ್ದವರ ಮತಗಳನ್ನೂ ಅವರ ಪೂರ್ಣ ಹೇಳಿಕೆಗಳನ್ನೂ ಅಲ್ಲಿ ಅಕ್ಕಪಕ್ಕದಲ್ಲಿಟ್ಟು ಓದಬಹುದು. ಕ್ಲಿಂಟನ್ ವಿರುದ್ಧ 1999ರಲ್ಲಿ ಸೆನೆಟ್ ಮುಂದೆ ಆರೋಪ ಮಂಡಿಸಿದವರಲ್ಲಿ ಒಬ್ಬರಾಗಿದ್ದ ರಿಪಬ್ಲಿಕನ್ ಪಕ್ಷದ ಲಿಂಡ್ಸಿ ಗ್ರಹಾಂ 2020ರಲ್ಲಿ ಟ್ರಂಪ್ ದೋಷಿಯಲ್ಲ ಎಂದರು. ಕ್ಲಿಂಟನ್ ದೋಷಿಯಲ್ಲ ಎಂದಿದ್ದ ಡೆಮಾಕ್ರಟಿಕ್ ಪಕ್ಷದ ಚಕ್ ಶುಮರ್ ಟ್ರಂಪ್ ದೋಷಿ ಎಂದರು. ಎರಡು ಪ್ರಕರಣಗಳೂ ಒಂದೇ ತೆರನಾದವಲ್ಲ ಎಂದು ಇಬ್ಬರೂ ವಾದಿಸಬಹುದು, ಆ ವಾದದಲ್ಲಿ ಹುರುಳೂ ಇರಬಹುದು. ಆದರೆ ತಮ್ಮದೇ ಪಕ್ಷದ ಅಧ್ಯಕ್ಷರಿಗೂ ಇದೇ ಅಳತೆಗೋಲನ್ನು ಬಳಸುತ್ತೀರಾ ಎಂದು ಹೊಸ ಅಭ್ಯರ್ಥಿಗಳನ್ನು ಕೇಳಿದ್ದರೆ, ಆ ಒಂದು ಉತ್ತರದಿಂದ ನನಗೆ ಮೂರು ಗುಂಡಿಗಳಿಗಿಂತ ಹೆಚ್ಚು ತಿಳಿಯುತ್ತಿತ್ತು.

ಎಲ್ಲ ‘ಹೌದು’ಗಳಿಗೂ ಒಂದೇ ತೂಕ ಕೊಡುವುದು ಕೂಡ ಲೆಕ್ಕದ ದೋಷವೇ. 2021ರ ಜನವರಿಯಲ್ಲಿ ಟ್ರಂಪ್ ವಿರುದ್ಧ ಮತ ಹಾಕಿದ ಹತ್ತು ಮಂದಿ ರಿಪಬ್ಲಿಕನ್ ಪ್ರತಿನಿಧಿಗಳಲ್ಲಿ ನಾಲ್ವರು ಮತ್ತೆ ಸ್ಪರ್ಧಿಸಲೇ ಇಲ್ಲ. ಲಿಜ್ ಚೆನಿ ಸೇರಿ ನಾಲ್ವರು ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರಾಥಮಿಕ ಚುನಾವಣೆಯಲ್ಲಿ ಸೋತರು. 2022ರ ಚುನಾವಣೆ ಗೆದ್ದು ಮರಳಿದವರು ಡ್ಯಾನ್ ನ್ಯೂಹೌಸ್ ಮತ್ತು ಡೇವಿಡ್ ವಲಡಾವೊ ಮಾತ್ರ. ತನ್ನ ಪಕ್ಷದವರೆಲ್ಲ ಚಪ್ಪಾಳೆ ತಟ್ಟುವ ಕ್ಷೇತ್ರದಲ್ಲಿ ಹೇಳಿದ ‘ಹೌದು’ ಅಥವಾ ‘ಇಲ್ಲ’ ಇದಕ್ಕೆ ಸಮನಲ್ಲ. ಮತ ತಪ್ಪೋ ಸರಿಯೋ ಎಂಬುದು ಬೇರೆ ಮಾತು, ಆದರೆ ಅದಕ್ಕೆ ತೆತ್ತ ಬೆಲೆಯನ್ನು ಅಭ್ಯರ್ಥಿಯ ಪುಟದಲ್ಲಿ ಒಂದು ಸಾಲಿನಲ್ಲಾದರೂ ಕಾಣಿಸಬಹುದಿತ್ತು.

ಕೊನೆಗೆ ನಾನು ಈ ಪ್ರಶ್ನೆಯನ್ನು ಲೆಕ್ಕದಿಂದಲೇ ತೆಗೆದೆ; ಅದಕ್ಕೆ ಅವಕಾಶ ಕೊಟ್ಟಿರುವುದನ್ನು ಮೆಚ್ಚಬೇಕು. ಹೇಳಿಕೆಗಳನ್ನು ಒಂದೊಂದಾಗಿ ಓದುತ್ತಾ ಒಂದು ಸಂಜೆ ಕಳೆದ ಮೇಲೆ, ಕೊನೆಯ ಸ್ಥಾನದಲ್ಲಿದ್ದ ಸೆನೆಟ್ ಅಭ್ಯರ್ಥಿಯೇ ನನ್ನ ಆಯ್ಕೆಯಾದರು. ಜಾಲತಾಣಕ್ಕೆ ಐದರಲ್ಲಿ ಮೂರು ಅಂಕ ಕೊಡುತ್ತೇನೆ, ಮೂರೂ ಆ ಹೇಳಿಕೆಗಳ ಸಂಗ್ರಹಕ್ಕೆ. ನನ್ನ ಆಕ್ಷೇಪಗಳನ್ನು ಅವರಿಗೂ ಬರೆದೆ. ನಿಕ್ಸನ್ ಹೆಸರನ್ನು ಎರಡೇ ದಿನದಲ್ಲಿ ತೆಗೆದರು. ಪ್ರಶ್ನೆ ಇನ್ನೂ ಹಾಗೆಯೇ ಇದೆ.