ಝಳಕ್ಕೆ ಸರಿ, ಸೆಕೆಗಲ್ಲ: ಏರ್ ಕೂಲರಿನ ಜೊತೆ ಒಂದು ಬೇಸಿಗೆ

ನಮ್ಮದು ಮೇಲಂತಸ್ತಿನ ಮನೆ. ಹಗಲಿಡೀ ಕಾದ ಕಾಂಕ್ರೀಟ್ ತಾರಸಿ ಆ ಶಾಖವನ್ನೆಲ್ಲ ರಾತ್ರಿ ಹೊತ್ತು ಕೋಣೆಯೊಳಕ್ಕೆ ಬಿಡುವುದರಿಂದ, ಹೊರಗಿನ ಗಾಳಿ ತಣ್ಣಗಾದ ಮೇಲೂ ಒಳಗಿನ ಗೋಡೆಗೆ ಕೈ ಇಟ್ಟರೆ ಬಿಸಿ ತಗಲುತ್ತದೆ. ಕಳೆದ ಬೇಸಿಗೆಯಲ್ಲಿ ಸತತ ಹನ್ನೊಂದು ದಿನ ಮಧ್ಯಾಹ್ನದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಫ್ಯಾನ್ ಹಾಕಿಕೊಂಡರೆ ಉರಿಯುವ ಒಲೆಯ ಮುಂದೆ ಕುಳಿತಂತಾಗುತ್ತಿತ್ತು. ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಅದಕ್ಕಿಂತ ಬಿಸಿಯಾದ ಗಾಳಿ ಬೀಸಿದಾಗ ಬೆವರು ಬೇಗ ಆರುತ್ತದೆ ಎಂಬುದು ನಿಜವಾದರೂ ಆ ಗಾಳಿಯೇ ಮೈಗೆ ಶಾಖ ತುಂಬತೊಡಗುತ್ತದೆ. 40 ಡಿಗ್ರಿ ದಾಟಿದ ಮೇಲೆ ಫ್ಯಾನನ್ನು ನೆಚ್ಚಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಈ ಕಾರಣಕ್ಕೇ. ನಾಲ್ಕನೆಯ ದಿನ ಮಧ್ಯಾಹ್ನ ಅಮ್ಮ ಮಂಚದಿಂದ ಏಳಲು ಹೋಗಿ ತಲೆ ಸುತ್ತಿ ಹಾಗೆಯೇ ಕುಸಿದು ಕುಳಿತರು. ಮನೆಯ ಹಳೆಯ ವೈರಿಂಗ್ ಎ.ಸಿ.ಯ ಭಾರ ತಾಳುವಂಥದ್ದಲ್ಲವಾದ್ದರಿಂದ ಅಂದು ಸಂಜೆಯೇ 45 ಲೀಟರ್ ಟ್ಯಾಂಕಿನ ಒಂದು ಏರ್ ಕೂಲರ್ ಮನೆಗೆ ಬಂತು.

ಮೊದಲ ಒಂದು ವಾರ ನಾನು ಅದನ್ನು ಬೈದದ್ದಕ್ಕೆ ಲೆಕ್ಕವಿಲ್ಲ. ಎ.ಸಿ.ಗೆ ಮಾಡುವಂತೆ ಕಿಟಕಿ, ಬಾಗಿಲುಗಳನ್ನೆಲ್ಲ ಭದ್ರವಾಗಿ ಮುಚ್ಚಿ ಕೂಲರನ್ನು ಕೋಣೆಯ ನಡುವೆ ನಿಲ್ಲಿಸಿದ್ದೆ. ಅರ್ಧ ಗಂಟೆ ಹಾಯೆನಿಸುತ್ತಿತ್ತು. ಒಂದು ಗಂಟೆ ಕಳೆಯುವಷ್ಟರಲ್ಲಿ ಹಾಸಿಗೆಯ ಹೊದಿಕೆ ಜಿಗುಟುಜಿಗುಟಾಗಿ, ಉಸಿರು ಕಟ್ಟಿದ ಹಾಗಾಗಿ, ಫ್ಯಾನೇ ವಾಸಿಯೆಂದು ಅಮ್ಮ ಗೊಣಗುತ್ತಿದ್ದರು. ಉಷ್ಣತೆಯನ್ನೂ ತೇವಾಂಶವನ್ನೂ ತೋರಿಸುವ ಅಂಗೈ ಅಗಲದ ಮಾಪಕವೊಂದನ್ನು ದಿಂಬಿನ ಪಕ್ಕ ಇಟ್ಟು ನೋಡಿದಾಗ ತಪ್ಪು ಯಾರದೆಂದು ತಿಳಿಯಿತು: ಒಂದು ಗಂಟೆಯಲ್ಲಿ ಕೋಣೆಯ ತೇವಾಂಶ ಶೇ. 80 ದಾಟಿತ್ತು. ಕೂಲರ್ ಮಾಡುವುದು ಒಂದೇ ಕೆಲಸ, ನೀರನ್ನು ಆವಿಯಾಗಿಸುವುದು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೌಲ್ ಶಾಖ ಬೇಕು, ಆ ಶಾಖವನ್ನು ಅದು ಹಾದುಹೋಗುವ ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ಗಾಳಿ ಒಮ್ಮೆ ನೀರುಂಡು ತಣಿದ ಮೇಲೆ ಮತ್ತೆ ಕುಡಿಯಲಾರದು. ಆದ್ದರಿಂದ ಹೊರಗಿನ ಒಣ ಗಾಳಿ ಒಂದು ಕಡೆಯಿಂದ ಕೂಲರಿನ ಮೂಲಕ ಒಳಬರಬೇಕು, ತೇವ ತುಂಬಿದ ಗಾಳಿ ಇನ್ನೊಂದು ಕಡೆಯಿಂದ ಹೊರಹೋಗಬೇಕು. ಕೂಲರಿನ ಬೆನ್ನನ್ನು ತೆರೆದ ಕಿಟಕಿಗೆ ಒತ್ತಿ ಇಟ್ಟು ಎದುರಿನ ಬಾಗಿಲನ್ನು ಅರ್ಧ ತೆರೆದಿಟ್ಟದ್ದೇ ತಡ, ಅದು ಬೇರೆಯೇ ಯಂತ್ರವಾಯಿತು. ಎಲ್ಲಕ್ಕಿಂತ ಮುಖ್ಯವಾದ ಈ ವಿಷಯವನ್ನು ಕೈಪಿಡಿಯ ಹನ್ನೆರಡನೆಯ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಮುದ್ರಿಸಿ, ಮೊದಲ ಪುಟವನ್ನು ರಿಮೋಟಿನ ಗುಂಡಿಗಳ ವರ್ಣನೆಗೆ ಮೀಸಲಿಟ್ಟ ತಯಾರಕರ ವಿವೇಕ ನನಗೆ ಇಂದಿಗೂ ಅರ್ಥವಾಗಿಲ್ಲ.

ಹೀಗೆ ಸರಿಪಡಿಸಿಕೊಂಡ ಮೇಲೆ ಒಂದು ಮಧ್ಯಾಹ್ನ ಮೂರು ಗಂಟೆಗೆ ಅಳೆದು ನೋಡಿದೆ. ಹೊರಗೆ ನೆರಳಿನಲ್ಲಿ 41 ಡಿಗ್ರಿ, ತೇವಾಂಶ ಶೇ. 18, ಕೂಲರಿನ ಬಾಯಲ್ಲಿ 28, ಮಂಚದ ಮೇಲೆ 32. ತಣ್ಣಗಾಗುವುದಕ್ಕೂ ಒಂದು ಮಿತಿ ಇದೆ. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ಗಾಳಿಯಲ್ಲಿ ಎಷ್ಟು ತೋರಿಸುತ್ತದೆಯೋ ಅದಕ್ಕಿಂತ ಕೆಳಗೆ ಯಾವ ಕೂಲರೂ ಗಾಳಿಯನ್ನು ಇಳಿಸಲಾರದು, ಸಾಮಾನ್ಯವಾಗಿ ಅಲ್ಲಿಯವರೆಗೂ ಹೋಗುವುದಿಲ್ಲ. 32 ಡಿಗ್ರಿಯೆಂದರೆ ತಂಪೆಂದು ಯಾರೂ ಹೇಳಲಾರರು. ಆದರೆ ಝಳ ಇಳಿದಿತ್ತು, ಅಮ್ಮ ಎರಡು ಗಂಟೆ ಗೊರಕೆ ಹೊಡೆದು ನಿದ್ದೆ ಮಾಡಿದರು. ಮಧ್ಯರಾತ್ರಿ ಕಳೆದು ಹೊರಗಿನ ಗಾಳಿ ತಾನಾಗಿಯೇ ತಣಿದ ಮೇಲೆ ನೀರೆತ್ತುವ ಪಂಪನ್ನು ನಿಲ್ಲಿಸಿ ಬರೀ ಗಾಳಿಯನ್ನು ಮಾತ್ರ ಬಿಟ್ಟುಕೊಳ್ಳುವುದು ಒಳ್ಳೆಯದೆಂಬುದನ್ನೂ ದಿಂಬಿನ ಪಕ್ಕದ ಆ ಮಾಪಕವೇ ಕಲಿಸಿತು.

ಮೇಲ್ಭಾಗದಲ್ಲಿರುವ ಐಸ್ ಪೆಟ್ಟಿಗೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಜಾಹೀರಾತಿನಲ್ಲಿ ಅರ್ಧ ಜಾಗ ಅದಕ್ಕೇ ಸಂದಿದೆ. ಒಂದು ಕಿಲೋ ಮಂಜುಗಡ್ಡೆ ಕರಗುವಾಗ ಹೀರುವುದು 334 ಕಿಲೋಜೌಲ್. ನಲ್ಲಿಯ ಒಂದು ಲೀಟರ್ ನೀರು ಆವಿಯಾಗುವಾಗ ಹೀರುವುದು ಅದರ ಏಳು ಪಟ್ಟು. ಅಂದರೆ ಫ್ರಿಜ್ಜನ್ನು ದಿನವಿಡೀ ದುಡಿಸಿ, ಅದು ಹೊರಹಾಕುವ ಬಿಸಿಯನ್ನು ಮನೆಯೊಳಗೇ ಉಳಿಸಿಕೊಂಡು, ಹತ್ತು ನಿಮಿಷದ ಸುಖ ಪಡೆದಂತೆ. ನಾನು ಎರಡು ದಿನ ಟ್ರೇಗಟ್ಟಲೆ ಸುರಿದು ನೋಡಿ ಬಿಟ್ಟುಬಿಟ್ಟೆ.

ವಿದ್ಯುತ್ತಿನ ವಿಷಯದಲ್ಲಿ ದೂರಿಲ್ಲ. ಸುಮಾರು 180 ವ್ಯಾಟ್‌ನ ಯಂತ್ರವಾದ್ದರಿಂದ ಕರೆಂಟ್ ಹೋದಾಗ ಇನ್ವರ್ಟರಿನ ಮೇಲೂ ಓಡಿತು, ಬಿಸಿಗಾಳಿಯ ದಿನಗಳಲ್ಲಿ ಕರೆಂಟ್ ಹೋಗುವುದೇ ಹೆಚ್ಚು ಎಂಬುದನ್ನು ನೆನೆದರೆ ಇದು ಸಣ್ಣ ಸಂಗತಿಯಲ್ಲ. ಸದ್ದು ಮಾತ್ರ ಜೋರು. ಮೂರನೆಯ ವೇಗದಲ್ಲಿ ಪಕ್ಕದಲ್ಲಿದ್ದವರ ಮಾತೂ ಕೇಳಿಸದು.

ನಿರ್ವಹಣೆಯ ವಿಷಯವನ್ನು ಕೊಳ್ಳುವ ಮುನ್ನ ನನಗೆ ಯಾರೂ ಹೇಳಿರಲಿಲ್ಲ. ನೀರು ಹೀರಿಕೊಂಡು ಗಾಳಿಗೆ ಒಡ್ಡುವ ಪ್ಯಾಡು ಹೊಸದಿದ್ದಾಗ ಅದರಿಂದ ಮೂರು ದಿನ ನೆನೆದ ರಟ್ಟಿನ ವಾಸನೆ ಬರುತ್ತದೆ, ಆಮೇಲೆ ಹೋಗುತ್ತದೆ. ನಮ್ಮದು ಗಡುಸು ನೀರು. ನೀರಷ್ಟೇ ಆವಿಯಾಗಿ ಲವಣಗಳು ಹಿಂದೆ ಉಳಿಯುವುದರಿಂದ ಒಂದು ತಿಂಗಳೊಳಗೆ ಜೇನುಗೂಡಿನಂಥ ಪ್ಯಾಡಿನ ಅಂಚಿಗೆ ಸುಣ್ಣ ಬಳಿದಂತೆ ಬಿಳಿಯ ಪೊರೆ ಕಟ್ಟಿತು, ಉಗುರಿನಿಂದ ಕೆರೆದರೆ ಚೂರುಚೂರಾಗಿ ಉದುರುತ್ತಿತ್ತು. ಖಾಲಿಯಾದಷ್ಟನ್ನೇ ಮತ್ತೆಮತ್ತೆ ತುಂಬುತ್ತಾ ಹೋದರೆ ಟ್ಯಾಂಕಿನ ನೀರು ದಿನದಿಂದ ದಿನಕ್ಕೆ ಇನ್ನಷ್ಟು ಗಡುಸಾಗುತ್ತದೆ. ಆದ್ದರಿಂದ ತಳದ ಬಿರಡೆ ತೆಗೆದು ಪೂರ್ತಿ ಬಸಿಯಬೇಕು. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವ ತನಕ ಬೆಳೆಯಲು ಏಳರಿಂದ ಹತ್ತು ದಿನ ಸಾಕಾದ್ದರಿಂದ, ನಾವು ಪ್ರತಿ ಭಾನುವಾರ ಟ್ಯಾಂಕನ್ನು ಬಸಿದು, ಗೋಡೆಗಳನ್ನು ಬ್ರಷ್ಷಿನಿಂದ ಉಜ್ಜಿ ಒಣಗಿಸುತ್ತೇವೆ. ಆ ಬಿರಡೆಯನ್ನು ನೆಲದಿಂದ ಎರಡೇ ಬೆರಳು ಎತ್ತರದಲ್ಲಿ ಇಟ್ಟಿರುವುದರಿಂದ ಅದರ ಕೆಳಗೆ ಯಾವ ಪಾತ್ರೆಯೂ ಹಿಡಿಯದು; ವಾರಕ್ಕೊಮ್ಮೆ ಕೋಣೆಯೂ ತೊಳೆದಂತಾಗುತ್ತದೆ.

ಎರಡನೆಯ ತಿಂಗಳಲ್ಲಿ ಪಂಪ್ ಕೆಟ್ಟಿತು. ನೀರು ಮುಗಿದದ್ದು ಗೊತ್ತಾಗದೆ ರಾತ್ರಿಯಿಡೀ ಬರಿದಾಗಿ ಓಡಿದ್ದರ ಫಲ. ನೀರು ಮುಗಿದಾಗ ತಾನೇ ನಿಲ್ಲುವ ವ್ಯವಸ್ಥೆ ಈ ಮಾದರಿಯಲ್ಲಿಲ್ಲ. ದುರಸ್ತಿಗೆ ಫೋನ್ ಮಾಡಿದರೆ ನಾಳೆ, ನಾಡಿದ್ದು ಎಂದು ಒಂಬತ್ತು ದಿನ ಕಾಯಿಸಿದರು. ಕೊನೆಗೆ ಬಂದ ಹುಡುಗ ಎರಡು ಸ್ಕ್ರೂ ಬಿಚ್ಚಿ ಹತ್ತೇ ನಿಮಿಷದಲ್ಲಿ ಪಂಪ್ ಬದಲಿಸಿ, ಇದನ್ನು ನೀವೇ ಮಾಡಿಕೊಳ್ಳಬಹುದಿತ್ತಲ್ಲ ಸಾರ್ ಎಂದ. ಈಗ ಒಂದು ಪಂಪನ್ನು ತಂದು ಕಪಾಟಿನಲ್ಲಿ ಇಟ್ಟುಕೊಂಡಿದ್ದೇನೆ.

ಇಷ್ಟಾದರೂ ಝಳದ ದಿನಗಳಿಗೆ ಇದನ್ನು ಕೊಳ್ಳಿ ಎಂದೇ ಹೇಳುತ್ತೇನೆ. ಸೆಕೆಯ ದಿನಗಳ ಕಥೆಯೇ ಬೇರೆ. ಮೋಡ ಕಟ್ಟಿ ಮಳೆ ಬಾರದೆ ಕಾಡಿದ ವಾರದಲ್ಲಿ ಉಷ್ಣತೆ 36ಕ್ಕೆ ಇಳಿದಿತ್ತು, ತೇವಾಂಶ ಮಾತ್ರ ಶೇ. 70ಕ್ಕೆ ಏರಿತ್ತು. ಅಂಥ ಗಾಳಿಯಲ್ಲಿ ಒದ್ದೆ ಬಟ್ಟೆಯ ಉಷ್ಣಮಾಪಕವೇ 31 ಡಿಗ್ರಿಯ ಹತ್ತಿರ ನಿಲ್ಲುತ್ತದೆ. ಕೂಲರ್ ಇಳಿಸಬಹುದಾದದ್ದು ಹೆಚ್ಚೆಂದರೆ ಮೂರು, ನಾಲ್ಕು ಡಿಗ್ರಿ, ಅದಕ್ಕೆ ಪ್ರತಿಯಾಗಿ ಬೆವರು ಆರದಂತೆ ಮಾಡುತ್ತದೆ. ವಯಸ್ಸಾದವರು ಮನೆಯಲ್ಲಿದ್ದು, ನಿಮ್ಮ ಬೇಸಿಗೆ ಬಹುಪಾಲು ಹೀಗೆಯೇ ಇರುವುದಾದರೆ ಇದು ನಿಮಗಲ್ಲ. ಒಣ ಹವೆಯಲ್ಲಿ ಎಂಟು ಗಂಟೆಗೆ ಬರಿದಾಗುತ್ತಿದ್ದ ಟ್ಯಾಂಕಿನಲ್ಲಿ ಆ ವಾರ ಬೆಳಿಗ್ಗೆ ಎದ್ದು ನೋಡಿದರೆ ಅರ್ಧಕ್ಕಿಂತ ಹೆಚ್ಚು ನೀರು ಹಾಗೆಯೇ ಉಳಿದಿರುತ್ತಿತ್ತು.