ಪೋಸ್ಟ್ ಹಾಕಿದ್ದಕ್ಕಿಂತ ಸಹಿ ಹಾಕಿದ್ದೇ ದುಬಾರಿಯಾಯಿತು

ಏರ್‌ಪೋರ್ಟ್‌ನಲ್ಲಿ ಕೆಲಸ ಮಾಡುವ ಯಾರಾದರೂ ಕಂಪನಿ ಮೇಲಿನ ಸಿಟ್ಟನ್ನೆಲ್ಲ ಮೊಬೈಲ್‌ನಲ್ಲಿ ಟೈಪ್ ಮಾಡಿ, ಹಾಕಲೋ ಬೇಡವೋ ಅಂತ ಕೂತಿದ್ದರೆ, ಐದು ನಿಮಿಷ ತಡೆದು ಇದನ್ನು ಓದಿ. ನಾನು ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಒಂದು ಏರ್‌ಲೈನ್‌ನ ಚೆಕ್‌ಇನ್ ಕೌಂಟರ್‌ನಲ್ಲಿ ಐದು ವರ್ಷ ನಿಂತವಳು. ಏರ್‌ಲೈನ್ ಯಾವುದು ಅಂತ ಬರೆಯಲ್ಲ, ನೀವೂ ಊಹಿಸಲು ಹೋಗಬೇಡಿ.

ಜನವರಿಯ ಮಂಜು ಆ ಕಡೆಯವರಿಗೆ ಗೊತ್ತು. ಬೆಳಗಿನ ಜಾವ ರನ್‌ವೇ ಕಾಣಲ್ಲ. ಬರಬೇಕಾದ ವಿಮಾನ ಚೆನ್ನೈಗೋ ಹೈದರಾಬಾದಿಗೋ ತಿರುಗುತ್ತೆ, ಹೊರಡಬೇಕಾದ್ದು ನಿಂತಲ್ಲೇ ನಿಂತಿರುತ್ತೆ. ಹೆಡ್ ಆಫೀಸಿಗೆ ಹೋಗಿ ಯಾರೂ ಬೈಯಲ್ಲ, ಬೈಗುಳವೆಲ್ಲ ಕೌಂಟರ್‌ನಲ್ಲಿರುವ ಹುಡುಗಿಗೆ. ಆವತ್ತು ರಾತ್ರಿ ಹತ್ತಕ್ಕೆ ಡ್ಯೂಟಿಗೆ ಬಂದವಳು ಮರುದಿನ ಮಧ್ಯಾಹ್ನ ಹನ್ನೆರಡರವರೆಗೂ ಅಲ್ಲೇ ಇದ್ದೆ. ಬದಲಿ ಬರಲಿಲ್ಲ. ಒಬ್ಬರು ಬೋರ್ಡಿಂಗ್ ಪಾಸ್ ಹರಿದು ನನ್ನ ಮುಖದ ಮೇಲೆ ಎಸೆದರು. ಪ್ರಯಾಣಿಕರಿಗೆ ಊಟದ ಕೂಪನ್ ಹಂಚಿದ್ದು ನಾವು, ನಮಗೆ ಸಿಕ್ಕಿದ್ದು ಮೂವರಿಗೆ ಒಂದು ಬಿಸ್ಕೆಟ್ ಪ್ಯಾಕೆಟ್. ಹಿಂದಿನ ತಿಂಗಳ ಓಟಿ, ಅಂದರೆ ಓವರ್‌ಟೈಮ್ ದುಡ್ಡು ಬೇರೆ ಇನ್ನೂ ಬಂದಿರಲಿಲ್ಲ.

ಮನೆಗೆ ಹೋಗುವ ಕ್ಯಾಬ್‌ನಲ್ಲೇ ಫೇಸ್‌ಬುಕ್‌ಗೆ ಉದ್ದಕ್ಕೆ ಬರೆದು ಹಾಕಿದೆ. ಜೊತೆಗೆ ರಾತ್ರಿ ಕೌಂಟರ್ ಹಿಂದೆ ತೆಗೆದುಕೊಂಡಿದ್ದ ಸೆಲ್ಫಿ, ಕಣ್ಣು ಕೆಂಪಗಾಗಿರೋದು ಕಾಣಲಿ ಅಂತ. ಕನ್ನಡದಲ್ಲಿ ಬರೆದರೆ ಉತ್ತರ ಭಾರತದಲ್ಲಿ ಕೂತಿರೋ ಹೆಡ್ ಆಫೀಸಿನವರಿಗೆ ಎಲ್ಲಿ ಗೊತ್ತಾಗುತ್ತೆ ಅನ್ನೋದು ನನ್ನ ಲೆಕ್ಕ. ಮಲಗಿ ಎದ್ದು ನೋಡಿದರೆ ನಾನೂರು ಜನ ಶೇರ್ ಮಾಡಿದ್ದರು. ‘ಭೇಷ್ ತಂಗಿ’, ‘ವಾಕ್ ಸ್ವಾತಂತ್ರ್ಯ ನಿಮ್ಮ ಹಕ್ಕು, ಹೆದರಬೇಡಿ’. ಖುಷಿಯಾಯಿತು, ಸುಳ್ಳು ಹೇಳಲ್ಲ. ಮೂರನೇ ದಿನ ಶೋಕಾಸ್ ನೋಟಿಸ್ ಬಂತು. ಸ್ಕ್ರೀನ್‌ಶಾಟ್ ಮೇಲಕ್ಕೆ ಕಳಿಸಿದ್ದು ನಮ್ಮದೇ ನೈಟ್ ಶಿಫ್ಟ್ ವಾಟ್ಸ್ಆ್ಯಪ್ ಗುಂಪಿನವರು. ಯಾರು ಅಂತ ಗೊತ್ತು, ಇರಲಿ.

ನೋಟಿಸ್ ಜೊತೆ ನನ್ನ ಪೋಸ್ಟಿನ ಇಂಗ್ಲಿಷ್ ಅನುವಾದ ಲಗತ್ತಿಸಿದ್ದರು, ಯಾವುದೋ ಆ್ಯಪ್ ಮಾಡಿದ್ದು. ಓಟಿ ಹಿಡಿದಿದ್ದಕ್ಕೆ ‘ಮ್ಯಾನೇಜ್‌ಮೆಂಟ್ ನಮ್ಮ ಹೊಟ್ಟೆ ಮೇಲೆ ಹೊಡೀತಿದೆ’ ಅಂತ ಬರೆದಿದ್ದೆ. ಅದು ಇಂಗ್ಲಿಷಿಗೆ ಹೋಗಿ, ಅಧಿಕಾರಿಗಳು ಸಿಬ್ಬಂದಿಯ ಹೊಟ್ಟೆಗೆ ಗುದ್ದುತ್ತಾರೆ ಅನ್ನೋ ಆರೋಪವಾಗಿತ್ತು. ವಿಡಿಯೋ ಕಾಲ್‌ನಲ್ಲಿದ್ದ ಎಚ್‌ಆರ್ ಮೇಡಂ ಬಹಳ ಗಂಭೀರವಾಗಿ ಕೇಳಿದರು: ಯಾರು ಹೊಡೆದರು, ಯಾವತ್ತು, ಸಾಕ್ಷಿ ಯಾರು? ಈಗ ನಗು ಬರುತ್ತೆ. ಆವತ್ತು ನಾಲಿಗೆ ಒಣಗಿಹೋಗಿತ್ತು.

ಇದನ್ನು ಹೇಗೋ ವಿವರಿಸಬಹುದಿತ್ತು. ಫೋಟೋವನ್ನು ವಿವರಿಸೋಕೆ ಆಗಲಿಲ್ಲ. ಕೊರಳಲ್ಲಿ ಎಇಪಿ, ಅಂದರೆ ಬಿಸಿಎಎಸ್ (ಕೇಂದ್ರದ ವಿಮಾನಯಾನ ಭದ್ರತಾ ಸಂಸ್ಥೆ) ಕೊಡುವ ಏರ್‌ಪೋರ್ಟ್ ಪ್ರವೇಶ ಪಾಸ್, ನಂಬರ್ ಸಮೇತ ಕಾಣುತ್ತಿತ್ತು. ಹಿಂದಿನ ಸ್ಕ್ರೀನ್ ಮೇಲೆ ಪ್ರಯಾಣಿಕರ ಹೆಸರು, ಪಕ್ಕದಲ್ಲಿ ಪಿಎನ್‌ಆರ್. ಪಿಎನ್‌ಆರ್ ಮತ್ತು ಸರ್‌ನೇಮ್ ಎರಡೂ ಸಿಕ್ಕರೆ ಯಾರು ಬೇಕಾದರೂ ಆ ಬುಕಿಂಗ್ ತೆರೆದು ನೋಡಬಹುದು ಅಂತ ಹೊಸ ಬ್ಯಾಚ್‌ಗೆ ಪಾಠ ಹೇಳಿದವಳೇ ನಾನು! ಇನ್ನೊಂದು ಎಡವಟ್ಟು, ‘ಇದು ಡಿಜಿಸಿಎ ನಿಯಮದ ಉಲ್ಲಂಘನೆ’ ಅಂತ ಆವೇಶದಲ್ಲಿ ಬರೆದುಬಿಟ್ಟಿದ್ದೆ. ಡಿಜಿಸಿಎ ಅಂದರೆ ವಿಮಾನಯಾನದ ಕೇಂದ್ರ ನಿಯಂತ್ರಣ ಸಂಸ್ಥೆ. ಅದರ ಡ್ಯೂಟಿ ಅವಧಿ ನಿಯಮ, ಎಫ್‌ಡಿಟಿಎಲ್ ಅಂತಾರಲ್ಲ, ಅದು ಪೈಲಟ್‌ಗಳಿಗೆ ಮತ್ತು ಕ್ಯಾಬಿನ್ ಕ್ರೂಗೆ. ಕೌಂಟರ್‌ನವರಿಗೆ ಅನ್ವಯಿಸಲ್ಲ. ಹದಿನಾಲ್ಕು ಗಂಟೆ ನಿಲ್ಲಿಸಿದ್ದು ಅಪ್ಪಟ ನಿಜ. ಆದರೆ ಆ ಒಂದು ತಪ್ಪು ವಾಕ್ಯ ಹಿಡಿದುಕೊಂಡು ಇಡೀ ಪೋಸ್ಟೇ ಸುಳ್ಳು ಅಂದರು.

ನೋಟಿಸ್‌ಗೆ ಉತ್ತರ ಕೊಟ್ಟ ನಾಲ್ಕನೇ ದಿನ ಏರ್‌ಪೋರ್ಟ್ ರಸ್ತೆಯ ಒಂದು ಹೋಟೆಲಿಗೆ ಕರೆಸಿದರು. ಅವರು ಮೂವರು, ನಾನೊಬ್ಬಳು. ಕಾಫಿ ತರಿಸಿದರು. ‘ನೋಡಮ್ಮ, ಡಿಸ್ಮಿಸ್ ಮಾಡಿದರೆ ಅದು ದಾಖಲೆಯಲ್ಲಿ ಉಳಿದುಬಿಡುತ್ತೆ. ಬೇರೆ ಏರ್‌ಲೈನ್‌ನವರು ತಗೊಳಲ್ಲ, ಪಾಸ್ ಸಿಗಲ್ಲ. ನೀವಾಗೇ ರಿಸೈನ್ ಮಾಡಿದರೆ ರಿಲೀವಿಂಗ್ ಲೆಟರ್ ಕೊಟ್ಟು ಮರ್ಯಾದೆಯಿಂದ ಕಳಿಸ್ತೀವಿ.’ ಕಾಗದ ಟೈಪ್ ಆಗಿಯೇ ಬಂದಿತ್ತು, ‘ವೈಯಕ್ತಿಕ ಕಾರಣಗಳಿಂದ’ ಅಂತ. ಕಾಫಿ ಆರುವ ಮುಂಚೆ ಸಹಿ ಹಾಕಿದ್ದೆ. ಎಇಪಿ ಅಲ್ಲೇ ಬಿಚ್ಚಿ ಕೊಟ್ಟೆ. ಸಹಿ ಹಾಕಿದ ಕಾಗದದ ಪ್ರತಿಯನ್ನಾದರೂ ಕೊಡಿ ಅಂತ ಕೇಳಬೇಕು ಅನ್ನೋದೂ ಹೊಳೆಯಲಿಲ್ಲ.

ಅಮ್ಮನ ಹತ್ತಿರ ರಜೆ ಅಂತ ಹೇಳಿಕೊಂಡು ಹದಿನೈದು ದಿನ ಮನೆಯಲ್ಲೇ ಇದ್ದೆ. ಅವಳು ಒಂದು ದಿನ ‘ಇದೇನೇ ಇಷ್ಟುದ್ದ ರಜೆ’ ಅಂದಾಗ ಎದ್ದು ಡೈರಿ ಸರ್ಕಲ್ ಹತ್ತಿರದ ಕಾರ್ಮಿಕ ಭವನಕ್ಕೆ ಹೋದೆ. ಅದು ರಾಜ್ಯ ಸರ್ಕಾರದ್ದು. ವಿಮಾನಯಾನ ಕೇಂದ್ರದ ವ್ಯಾಪ್ತಿಗೆ ಬರುತ್ತೆ ಅಂತ ಗೊತ್ತಾಗಿದ್ದೇ ಅಲ್ಲಿ. ಏರ್‌ಲೈನ್ ನೌಕರರ ತಕರಾರು ಹೋಗಬೇಕಾದ್ದು ಯಶವಂತಪುರದ ಕಡೆ ಇರುವ ಶ್ರಮ ಸದನಕ್ಕೆ, ಕೇಂದ್ರದ ಕಾರ್ಮಿಕ ಆಯುಕ್ತರ ಕಚೇರಿಗೆ. ಅಲ್ಲಿನವರು ಸಮಾಧಾನದಿಂದಲೇ ಕೇಳಿಸಿಕೊಂಡರು. ಸಹಿ ಹಾಕಿದ ಕಾಗದದಲ್ಲಿ ಏನಿತ್ತು ಅಂತ ಕೇಳಿ, ‘ಅವರು ತೆಗೆದುಹಾಕಿದರು ಅಂತೀರಿ, ಅದರಲ್ಲಿ ನೀವೇ ಬಿಟ್ಟಿದ್ದೀರಿ ಅಂತ ಇದೆಯಲ್ಲಮ್ಮ’ ಅಂದರು.

ನನಗೆ ಕಾನೂನು ಅರ್ಥವಾಗಿದ್ದು ಆ ಮಾತಿನಿಂದ. ಕೆಲಸದಿಂದ ತೆಗೆದರೆ ನೌಕರ ಯೂನಿಯನ್ ಇಲ್ಲದೆ ಒಬ್ಬನೇ ಹೋಗಿ ಸಂಧಾನಕ್ಕೆ ಅರ್ಜಿ ಕೊಡಬಹುದು. 45 ದಿನದಲ್ಲಿ ಬಗೆಹರಿಯದಿದ್ದರೆ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ಆಗ ಅದಕ್ಕೆ ಮೂರು ವರ್ಷ ಅವಕಾಶವಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಎರಡೇ ವರ್ಷ, ನೆನಪಿಟ್ಟುಕೊಳ್ಳಿ. ದುರ್ನಡತೆ ಅಂತ ತೆಗೆಯಬೇಕಾದರೆ ಕಂಪನಿ ಆರೋಪಪಟ್ಟಿ ಕೊಡಬೇಕು, ವಿಚಾರಣೆ ನಡೆಸಬೇಕು, ನಮ್ಮ ಮಾತು ಕೇಳಬೇಕು. ಅಷ್ಟೆಲ್ಲ ಕಷ್ಟ ಯಾಕೆ ಅಂತಲೇ ಕಾಫಿ ಕುಡಿಸಿದ್ದು! ಒತ್ತಾಯದಿಂದ ಬರೆಸಿಕೊಂಡರು ಅಂತ ಸಾಬೀತು ಮಾಡುವ ಹೊಣೆ ಈಗ ನನ್ನ ತಲೆ ಮೇಲೆ. ವಕೀಲರು ಕೇಳಿದ ಮೊದಲ ಪ್ರಶ್ನೆ, ‘ಆವತ್ತೇ ಒಂದು ಇಮೇಲ್ ಹಾಕಿದ್ರಾ, ಒತ್ತಡದಲ್ಲಿ ಸಹಿ ಮಾಡಿಸಿಕೊಂಡರು, ವಾಪಸ್ ತಗೊಳ್ತೀನಿ ಅಂತ?’ ಇಲ್ಲ. ಕಂಪನಿ ಮೇಲ್ ಬ್ಲಾಕ್ ಆಗಿತ್ತು, ಜಿಮೇಲ್‌ನಿಂದ ಹಾಕಬಹುದು ಅಂತ ತಲೆಗೆ ಹೋಗಲಿಲ್ಲ. ಆಮೇಲೆ ಆ ದಾರಿ ಬಿಟ್ಟೆ.

ವಾಕ್ ಸ್ವಾತಂತ್ರ್ಯ ಅಂದವರಿಗೆ ಒಂದು ಮಾತು. ಸಂವಿಧಾನದ 19ನೇ ವಿಧಿ ಮುಖ್ಯವಾಗಿ ಕಟ್ಟಿಹಾಕುವುದು ಸರ್ಕಾರವನ್ನು, ಖಾಸಗಿ ಕಂಪನಿ ಮೇಲೆ ಅದನ್ನು ಹಿಡಿದು ಹೋಗೋದು ಸುಲಭವಲ್ಲ. ಏರ್ ಇಂಡಿಯಾ 2022ರ ಜನವರಿಯಲ್ಲಿ ಟಾಟಾ ಕೈಗೆ ಹೋಯಿತಲ್ಲ, ಆಮೇಲೆ ಅದರ ವಿರುದ್ಧ ನೌಕರರು ನೇರ ಹೈಕೋರ್ಟಿಗೆ ಹಾಕುವ ರಿಟ್ ಅರ್ಜಿ ನಡೆಯಲ್ಲ ಅಂತ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸರ್ಕಾರಿ ಕಂಪನಿಯಾಗಿದ್ದಾಗಲೂ ಎಲ್ಲ ಸುಖವಾಗಿರಲಿಲ್ಲ ಅನ್ನಿ. 2012ರಲ್ಲಿ ಏರ್ ಇಂಡಿಯಾದ ಇಬ್ಬರು ಕ್ಯಾಬಿನ್ ಸಿಬ್ಬಂದಿಯನ್ನು ಫೇಸ್‌ಬುಕ್ ಬರಹಗಳಿಗಾಗಿ ಮುಂಬೈ ಪೊಲೀಸರು ಬಂಧಿಸಿದರು, ಆ ಇಬ್ಬರೂ ಹನ್ನೆರಡು ದಿನ ಒಳಗಿದ್ದರು. ಅವರ ಮೇಲೆ ಹಾಕಿದ್ದ ಐಟಿ ಕಾಯ್ದೆಯ 66ಎ ಕಲಮನ್ನು 2015ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಹೊರದೇಶದಲ್ಲೂ ಇದೇ ಹಾಡು: 2008ರಲ್ಲಿ ವರ್ಜಿನ್ ಅಟ್ಲಾಂಟಿಕ್, ಫೇಸ್‌ಬುಕ್‌ನಲ್ಲಿ ಪ್ರಯಾಣಿಕರನ್ನು ಆಡಿಕೊಂಡು ವಿಮಾನದಲ್ಲಿ ಜಿರಲೆ ಇವೆ ಅಂದಿದ್ದಕ್ಕೆ ಹದಿಮೂರು ಜನರನ್ನು ಮನೆಗೆ ಕಳಿಸಿತ್ತು.

ಇದಕ್ಕೆ ಎದುರಾಗಿ 2024ರ ಮೇ ನೆನಪು ಮಾಡಿಕೊಳ್ಳಿ. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಕ್ಯಾಬಿನ್ ಕ್ರೂ ನೂರಾರು ಜನ ಒಟ್ಟಿಗೆ ಹುಷಾರಿಲ್ಲ ಅಂದರು. ಕಂಪನಿ ಸುಮಾರು ಇಪ್ಪತ್ತೈದು ಜನರನ್ನು ತೆಗೆದೇಬಿಟ್ಟಿತು. ದಿಲ್ಲಿಯಲ್ಲಿ ಮುಖ್ಯ ಕಾರ್ಮಿಕ ಆಯುಕ್ತರ ಮುಂದೆ ಸಂಘ ಮತ್ತು ಕಂಪನಿ ಕೂತು ಮಾತಾಡಿದ ಮೇಲೆ ಅವರನ್ನೆಲ್ಲ ವಾಪಸ್ ತಗೊಂಡರು. ಹಾಗಂತ ಅದನ್ನೇ ಮಾಡಲು ಹೋಗಬೇಡಿ. ಹೊಸ ಸಂಹಿತೆ ಪ್ರಕಾರ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಜನ ಮಾತಾಡಿಕೊಂಡು ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರವೇ, ಮುಷ್ಕರಕ್ಕೆ 14 ದಿನ ಮುಂಚೆ ನೋಟಿಸ್ ಕೊಡಬೇಕು. ನಾನು ಹೇಳೋದು ಇಷ್ಟೇ, ಅವರ ಜೊತೆ ಒಂದು ಸಂಘ ಇತ್ತು. ನನ್ನ ಜೊತೆ ನಾನೂರು ಶೇರ್ ಇತ್ತು.

ಸುರಕ್ಷತೆಯ ವಿಷಯವಾದರೆ ದಾರಿಯೇ ಬೇರೆ ಇದೆ. ಪ್ರತಿ ಏರ್‌ಲೈನ್‌ನಲ್ಲೂ ಅಪಾಯವನ್ನು ತಿಳಿಸುವ ಹಜಾರ್ಡ್ ರಿಪೋರ್ಟ್ ಫಾರಂ ಇರುತ್ತೆ, ಹೆಸರು ಗುಟ್ಟಾಗಿಟ್ಟುಕೊಳ್ಳುವ ಸ್ವಯಂಪ್ರೇರಿತ ವರದಿ ವ್ಯವಸ್ಥೆ ಡಿಜಿಸಿಎಯಲ್ಲೂ ಇದೆ. ಹದಿಮೂರನೇ ಗಂಟೆಯಲ್ಲಿ ನಾನು ಒಬ್ಬರ ಬ್ಯಾಗೇಜ್ ಟ್ಯಾಗ್ ಇನ್ನೊಬ್ಬರ ಪೆಟ್ಟಿಗೆಗೆ ಅಂಟಿಸಿದ್ದೆ, ಲೋಡರ್ ಅಣ್ಣ ನೋಡಿ ತಡೆದ. ದಣಿವಿನಿಂದ ಆದದ್ದು ಅಂತ ಅದನ್ನು ಫಾರಂನಲ್ಲಿ ಬರೆದಿದ್ದರೆ ಒಂದು ನಂಬರ್ ಸಿಗುತ್ತಿತ್ತು, ಆ ನಂಬರ್‌ಗೆ ಯಾರಾದರೂ ಉತ್ತರ ಕೊಡಬೇಕಾಗುತ್ತಿತ್ತು. ಪೋಸ್ಟಿನಲ್ಲಿ ಅದನ್ನೇ ಬರೆಯಲಿಲ್ಲ, ನಾಚಿಕೆಯಾಗಿ.

ಈಗ ಯಲಹಂಕದ ಒಂದು ಹೋಟೆಲಿನ ಫ್ರಂಟ್ ಆಫೀಸಿನಲ್ಲಿದ್ದೇನೆ. ರಿಲೀವಿಂಗ್ ಲೆಟರ್ ಬರಲು ಐದು ತಿಂಗಳು ಹಿಡಿಯಿತು. ನೋಟಿಸ್ ಅವಧಿ ಪೂರೈಸಿಲ್ಲ ಅಂತ ಒಂದು ತಿಂಗಳ ಸಂಬಳವನ್ನೂ ಮುರಿದುಕೊಂಡರು. ಮೊನ್ನೆ ಹಳೆ ಕೌಂಟರ್‌ನ ಹುಡುಗಿಯೊಬ್ಬಳು ಸಿಕ್ಕಳು. ನನ್ನ ಪೋಸ್ಟ್ ಆದಮೇಲೆ ರೋಸ್ಟರ್ ಏನಾದರೂ ಬದಲಾಯ್ತೇನೇ ಅಂತ ಕೇಳಿದೆ.

‘ಆ ತಿಂಗಳು ನಮಗೂ ಊಟದ ಕೂಪನ್ ಕೊಟ್ಟರು ಅಕ್ಕಾ,’ ಅಂದಳು. ‘ಆಮೇಲೆ ನಿಂತೋಯ್ತು.’